ಅಭಯದಾನವಿಲ್ಲದ ವಿದ್ಯಾದಾನ

ದಕ್ಷಿಣ ಕೋಲ್ಕತ್ತದ ಲೇಕ್ ಗಾರ್ಡನ್ಸ್‌ನಲ್ಲಿ, ಬಜ್‌ಬಜ್ ಮಾರ್ಗದ ಲೋಕಲ್ ರೈಲು ಹಾದುಹೋಗುವ ಹಳಿಯ ಆಚೀಚೆ, ಬಾಡಿಗೆ ಕೋಣೆಗಳಲ್ಲಿದ್ದು ಓದುವ ಮಕ್ಕಳಿದ್ದಾರೆ. ಅವರಲ್ಲಿ ಕನ್ನಡದ ಜೈನ ಮನೆಯ ಮಗನೋ ಮಗಳೋ ಇದ್ದರೆ, ಸಂಜೆಯ ದೂರವಾಣಿ ಮಾತು ಹೇಗಿರುತ್ತದೆಂದು ಊಹಿಸುವುದು ಕಷ್ಟವಲ್ಲ. “ಕತ್ತಲಾಗುವ ಮೊದಲೇ ಉಂಡೆಯಾ, ಮಗಾ?” ಎಂದು ತಾಯಿ ಕೇಳುತ್ತಾಳೆ. ಡಿಸೆಂಬರಿನಲ್ಲಿ ಅಲ್ಲಿ ಐದು ಗಂಟೆಗೇ ಸೂರ್ಯ ಮುಳುಗುತ್ತಾನೆ, ತರಗತಿ ಮುಗಿದಿರುವುದಿಲ್ಲ. “ಈ ಸಲ ಎಷ್ಟು ಅಂಕ ಬಂತು?” ಎಂಬುದು ತಂದೆಯ ಪ್ರಶ್ನೆ. ನಿದ್ರೆ ಬರುತ್ತಿದೆಯೇ, ಮನಸ್ಸು ಹೇಗಿದೆ ಎಂಬ ಮೂರನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಕೇಳದ ಪ್ರಶ್ನೆಗೆ ಮಕ್ಕಳು ತಾವಾಗಿ ಉತ್ತರ ಕೊಡುವುದೂ ಇಲ್ಲ.

ಈ ಮೌನದ ಬೆಲೆ ಎಷ್ಟೆಂಬುದು ದೇಶದ ದಾಖಲೆಗಳಲ್ಲಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಮಂದಿ. ಅವರಲ್ಲಿ ವಿದ್ಯಾರ್ಥಿಗಳು 13,044. 2023ರ ಜುಲೈನಲ್ಲಿ ಕೋಲ್ಕತ್ತದ 17 ವರ್ಷದ ವಿದ್ಯಾರ್ಥಿನಿಯೊಬ್ಬಳು ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದಾಗ ತೀರಿಕೊಂಡಳು. ಆಕೆಯ ತಂದೆ ನ್ಯಾಯಕ್ಕಾಗಿ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದರು. 2025ರ ಜುಲೈ 25ರಂದು ನ್ಯಾಯಮೂರ್ತಿ ವಿಕ್ರಮ್ ನಾಥ್ ಮತ್ತು ನ್ಯಾಯಮೂರ್ತಿ ಸಂದೀಪ್ ಮೆಹ್ತಾ ಅವರ ಪೀಠವು ಆ ಸಾವಿನ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. ಜೊತೆಗೆ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಕೋಚಿಂಗ್ ಕೇಂದ್ರಗಳಿಗೂ ಹಾಸ್ಟೆಲುಗಳಿಗೂ 15 ನಿರ್ದೇಶನಗಳನ್ನು ಕೊಟ್ಟಿತು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜಕಾರ್ಯಕರ್ತರನ್ನೋ ನೇಮಿಸಬೇಕು. ಅಂಕದ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ತಂಡಗಳಾಗಿ ವಿಂಗಡಿಸಬಾರದು. ಸಿಬ್ಬಂದಿಗೆ ವರ್ಷಕ್ಕೆ ಎರಡು ಬಾರಿ ತರಬೇತಿ ಕೊಡಬೇಕು. ಶಾಸನ ಬರುವವರೆಗೆ ಇವು ದೇಶದಾದ್ಯಂತ ಬಂಧನಕಾರಿ.

ಜೈನ ಸಮಾಜದ ವಿದ್ಯಾಸಂಸ್ಥೆಗಳೂ ವಿದ್ಯಾರ್ಥಿನಿಲಯಗಳೂ ಈ ಆಜ್ಞೆಯ ಹೊರಗಿಲ್ಲ. 2014ರಲ್ಲಿ ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸ್ಥಾನ ದೊರೆತಾಗ ಸಮಾಜವು ಸಂಭ್ರಮಿಸಿತು. ತನ್ನ ಸಂಸ್ಥೆಗಳನ್ನು ತಾನೇ ನಡೆಸುವ ಹಕ್ಕು ಗಟ್ಟಿಯಾಯಿತೆಂದು ಹೆಮ್ಮೆಪಟ್ಟಿತು. ಹಕ್ಕನ್ನು ಕೇಳುವಾಗ ಅಲ್ಪಸಂಖ್ಯಾತರೆಂದೂ, ಹೊಣೆ ಬಂದಾಗ ಖಾಸಗಿ ಸಂಸ್ಥೆಯೆಂದೂ ಹೇಳಿಕೊಳ್ಳುವುದು ನ್ಯಾಯವಲ್ಲ. ತನ್ನ ವಿದ್ಯಾರ್ಥಿನಿಲಯದಲ್ಲಿ ತೊಂಬತ್ತೇ ಮಕ್ಕಳಿದ್ದಾರೆ, ಆದ್ದರಿಂದ ಸಮಾಲೋಚಕರು ಬೇಕಿಲ್ಲ ಎಂದು ಲೆಕ್ಕ ಹಾಕುವ ಆಡಳಿತ ಮಂಡಳಿಗೆ ಅಹಿಂಸೆಯ ಹೆಸರು ಹೇಳುವ ಯೋಗ್ಯತೆ ಉಳಿಯುವುದಿಲ್ಲ.

2001ರ ಜನಗಣತಿಯಲ್ಲಿ ಜೈನರ ಸಾಕ್ಷರತೆ ಶೇ. 94.1, ಎಲ್ಲ ಧರ್ಮಸಮುದಾಯಗಳಿಗಿಂತ ಹೆಚ್ಚು. ವೇದಿಕೆಯ ಮೇಲೆ ಮತ್ತೆ ಮತ್ತೆ ಹೇಳುವ ಈ ಹೆಮ್ಮೆಯ ಭಾರವನ್ನು ಹೊರುವವರು ಮಕ್ಕಳು. ಪ್ರತಿಭಾ ಪುರಸ್ಕಾರದ ಸಮಾರಂಭದಲ್ಲಿ ಶಾಲು ಹೊದೆಸಿಕೊಂಡ ಹುಡುಗನಿಗೆ, ಮುಂದಿನ ವರ್ಷ ಮನಸ್ಸು ಕುಸಿದರೆ ಬಾಯಿ ಬಿಡುವ ದಾರಿಯೇ ಇಲ್ಲ. “ವಿಷಯ ಹೊರಗೆ ಹೋದರೆ ನಾಳೆ ಸಂಬಂಧ ಕೂಡಿಬರುವುದಿಲ್ಲ” ಎಂದು ಮನೆಯ ಹಿರಿಯರೇ ಬಾಗಿಲು ಹಾಕುತ್ತಾರೆ. ಹೊರನಾಡಿನ ಸಣ್ಣ ಸಮಾಜದಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಅಲ್ಲಿ ಈ ಭಯ ಇನ್ನೂ ಹೆಚ್ಚು. ಕೆಲವರು ಇದನ್ನೇ ಉಪಗೂಹನವೆಂದು ಸಮರ್ಥಿಸಿಕೊಳ್ಳುವುದುಂಟು. ಉಪಗೂಹನವು ಪರರ ದೋಷವನ್ನು ಮುಚ್ಚುವ ಗುಣ. ಖಿನ್ನತೆ ದೋಷವಲ್ಲ, ರೋಗ. ಸಮ್ಯಕ್ತ್ವದ ಎಂಟು ಅಂಗಗಳಲ್ಲಿ ಸ್ಥಿತೀಕರಣವೂ ಒಂದು, ವಾತ್ಸಲ್ಯವೂ ಒಂದು. ಜಾರುತ್ತಿರುವವನ ಕೈಹಿಡಿದು ನಿಲ್ಲಿಸಬೇಕಾದ ಹೊತ್ತಿನಲ್ಲಿ ಅವನ ಮೇಲೆ ಪರದೆ ಎಳೆಯುವುದು ಧರ್ಮಕ್ಕೂ ದೂರ, ಕರುಣೆಗೂ ದೂರ.

“ಎಲ್ಲವೂ ಪೂರ್ವಕರ್ಮ, ಸ್ವಾಧ್ಯಾಯ ಮಾಡಿದರೆ ಸರಿಹೋಗುತ್ತದೆ” ಎಂಬ ಇನ್ನೊಂದು ಮಾತೂ ಇದೆ. ವೇದನೀಯ ಕರ್ಮವನ್ನು ನಂಬುವವರೂ ಜ್ವರ ಬಂದರೆ ವೈದ್ಯರ ಬಳಿ ಹೋಗುತ್ತಾರೆ, ಸಕ್ಕರೆ ಕಾಯಿಲೆಗೆ ದಿನವೂ ಗುಳಿಗೆ ನುಂಗುತ್ತಾರೆ. ಮೂಳೆ ಮುರಿದವನಿಗೆ ಸ್ವಾಧ್ಯಾಯವನ್ನಷ್ಟೇ ಹೇಳಿ ಕಳಿಸುವ ಶ್ರಾವಕನಿಲ್ಲ. ಮನಸ್ಸಿಗೆ ಮಾತ್ರ ಬೇರೆ ನಿಯಮ ಏಕೆ? ಸ್ವಾಧ್ಯಾಯವೂ ಸಾಮಾಯಿಕವೂ ಮನಸ್ಸಿಗೆ ಆಸರೆ; ಆದರೆ ಚಿಕಿತ್ಸೆ ಬೇಕಾದಲ್ಲಿ ಅವುಗಳನ್ನೇ ಮುಂದೊಡ್ಡುವುದು ಚಿಕಿತ್ಸೆಯನ್ನು ನಿರಾಕರಿಸಿದಂತೆ.

2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮನೆಂದಾಗ ದೇಶದ ಜೈನರು ಬೀದಿಗಿಳಿದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿತು. ಸಲ್ಲೇಖನವು ಕ್ಷೋಭೆಯಿಂದ ಹುಟ್ಟಿದ್ದಲ್ಲ, ಆತ್ಮಹತ್ಯೆ ಕ್ಷೋಭೆಯಿಂದ ಹುಟ್ಟುತ್ತದೆ ಎಂಬುದೇ ಅಂದಿನ ವಾದದ ತಿರುಳು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವೂ ಆ ವ್ರತವನ್ನು ಪರಿಹಾರವೇ ಇಲ್ಲದ ಸ್ಥಿತಿಗಳಿಗೆ ಮಾತ್ರ ಸೀಮಿತಗೊಳಿಸಿದೆ. ವಿದ್ಯಾರ್ಥಿಯ ಖಿನ್ನತೆಗೂ ಆತಂಕಕ್ಕೂ ಪರಿಹಾರವಿದೆ. ನ್ಯಾಯಾಲಯದ ಮುಂದೆ ಮನಸ್ಸಿನ ಸ್ಥಿತಿಗಳ ನಡುವೆ ಅಷ್ಟು ಸೂಕ್ಷ್ಮವಾದ ಗೆರೆ ಎಳೆದ ಸಮಾಜವು, ತನ್ನ ಮನೆಯ ಹದಿನೆಂಟರ ಮಗುವಿನ ಮನಃಕ್ಷೋಭೆಯನ್ನು ಕಾಣಲಾರದೆಂದರೆ, ಆ ವಾದವನ್ನು ಅದು ಮನಸಾರೆ ನಂಬಿತ್ತೇ ಎಂಬ ಪ್ರಶ್ನೆ ಏಳುತ್ತದೆ.

ಸಹಾಯ ದೂರದಲ್ಲಿಲ್ಲ. ಲೇಕ್ ಗಾರ್ಡನ್ಸ್‌ನಿಂದ ನಗರದ ಉತ್ತರ ಭಾಗದ ಬೇಲ್‌ಗಾಛಿಯಾದವರೆಗೆ ಹೋಗಿ ದಿಗಂಬರ ಪಾರ್ಶ್ವನಾಥ ಮಂದಿರದಲ್ಲಿ ದರ್ಶನ ಪಡೆಯುವುದು ಭಕ್ತರಿಗೆ ಶ್ರಮವೆನಿಸುವುದಿಲ್ಲ. ಅದೇ ಬೇಲ್‌ಗಾಛಿಯಾದ ಬಳಿ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಅದು ಕಾರ್ಮೈಕಲ್ ಕಾಲೇಜೆಂಬ ಹೆಸರಿನಲ್ಲಿದ್ದಾಗ, 1933ರಲ್ಲಿ, ಗಿರೀಂದ್ರಶೇಖರ ಬೋಸರು ಅಲ್ಲಿ ಮನೋರೋಗದ ಹೊರರೋಗಿ ವಿಭಾಗವನ್ನು ಆರಂಭಿಸಿದರು. ಭಾರತದ ಸಾಮಾನ್ಯ ಆಸ್ಪತ್ರೆಯೊಂದರಲ್ಲಿ ಅಂಥ ವಿಭಾಗ ತೆರೆದುದು ಅದೇ ಮೊದಲು. ಜ್ವರದವರೂ ಗಾಯದವರೂ ಬರುವ ಅದೇ ಆಸ್ಪತ್ರೆಗೆ ಮನಸ್ಸು ನೊಂದವರೂ ನಾಚಿಕೆಯಿಲ್ಲದೆ ಬರಬಹುದೆಂದು ಆ ನಗರ ತೊಂಬತ್ತು ವರ್ಷಗಳ ಹಿಂದೆಯೇ ತೋರಿಸಿತು. ಹೆತ್ತವರು ಮಾತ್ರ ಇನ್ನೂ ಆ ಬಾಗಿಲಲ್ಲಿ ತಲೆ ತಗ್ಗಿಸುತ್ತಿದ್ದಾರೆ.

ಕಾನೂನೂ ವಿದ್ಯಾರ್ಥಿಯ ಪಕ್ಷದಲ್ಲಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಸರ್ಕಾರ ನಡೆಸುವ ಅಥವಾ ಅನುದಾನ ನೀಡುವ ಸೇವೆಗಳಲ್ಲಿ ಚಿಕಿತ್ಸೆ ಪಡೆಯುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ರೋಗಿಯ ವಿಷಯವನ್ನು ಗುಟ್ಟಾಗಿಡುವ ಹೊಣೆಯನ್ನು ಚಿಕಿತ್ಸಕರ ಮೇಲೆ ಹೊರಿಸಿದೆ. ದೇಹದ ರೋಗಗಳಂತೆಯೇ ಮನೋರೋಗಕ್ಕೂ ವಿಮೆ ಕೊಡಬೇಕೆಂದು ವಿಧಿಸಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲಿರುಳೂ ಲಭ್ಯ; ಅದರ ಭಾಷೆಗಳಲ್ಲಿ ಕನ್ನಡವೂ ಇದೆ, ಅದಕ್ಕೆ ಮೇಲಿನ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಎರಡು ವಾರ ನಿದ್ರೆ, ಹಸಿವು, ಓದಿನ ಆಸಕ್ತಿ ಕುಗ್ಗಿದ್ದರೆ ವೈದ್ಯರನ್ನು ಕಾಣಬೇಕು. ಬದುಕು ಬೇಡವೆಂಬ ಮಾತು ಬಾಯಲ್ಲಿ ಬಂದರೆ ಒಂದು ದಿನವೂ ಕಾಯದೆ, ಒಂಟಿಯಾಗಿ ಬಿಡದೆ, ಆಸ್ಪತ್ರೆಗೆ ಕರೆದೊಯ್ಯಬೇಕು.

ಸಮಾಜ ಮಾಡಬೇಕಾದುದು ಹೆಚ್ಚೇನಲ್ಲ. ಮಕ್ಕಳ ಸಂಖ್ಯೆ ಎಷ್ಟೇ ಇರಲಿ, ಪ್ರತಿಯೊಂದು ವಿದ್ಯಾರ್ಥಿನಿಲಯಕ್ಕೂ ಒಬ್ಬ ಸಮಾಲೋಚಕರು ಬರಲಿ. ಒಂದಕ್ಕೆ ಶಕ್ತಿ ಸಾಲದಿದ್ದರೆ ನಾಲ್ಕು ಕೂಡಿ ಒಬ್ಬರನ್ನು ನೇಮಿಸಲಿ. ಚಿಕಿತ್ಸೆಗಾಗಿ ಒಂದು ವರ್ಷ ಓದು ನಿಲ್ಲಿಸಿದವರ ವಿದ್ಯಾರ್ಥಿವೇತನ ನಿಲ್ಲದಿರಲಿ. ವಧೂವರರ ಸಮಾವೇಶ ನಡೆಸುವವರು, ಚಿಕಿತ್ಸೆ ಪಡೆದು ಗುಣವಾದವರನ್ನು ಕಳಂಕಿತರೆಂದು ಕಾಣುವ ಪದ್ಧತಿಯನ್ನು ಬಹಿರಂಗವಾಗಿ ಖಂಡಿಸಲಿ. ಬಸದಿಯ ಸೂಚನಾ ಫಲಕದಲ್ಲಿ ಪೂಜೆಯ ವೇಳಾಪಟ್ಟಿಯ ಪಕ್ಕದಲ್ಲೇ 14416 ಎಂಬ ಸಂಖ್ಯೆಯೂ ಇರಲಿ.

ಆಹಾರ, ಔಷಧ, ಶಾಸ್ತ್ರ, ಅಭಯ: ದಾನಗಳು ನಾಲ್ಕು. ಸಮಾಜವು ಮಕ್ಕಳಿಗೆ ಅನ್ನ ಕೊಟ್ಟಿದೆ, ವಿದ್ಯೆಗೆ ಹಣ ಕೊಟ್ಟಿದೆ. ಮನಸ್ಸಿನ ಔಷಧದಲ್ಲೂ ಅಭಯದಲ್ಲೂ ಅದು ಕೈ ಬಿಗಿಹಿಡಿದಿದೆ. ಇಂದು ಸಂಜೆ ಕರೆ ಮಾಡುವ ತಂದೆತಾಯಿ ಅಂಕದ ಮಾತನ್ನು ಬದಿಗಿಟ್ಟು, ಮನಸ್ಸು ಹೇಗಿದೆ ಎಂದು ಮೊದಲು ಕೇಳಲಿ. ಉತ್ತರ ಬರುವವರೆಗೆ ಕಾಯಲಿ. ಅಭಯದಾನ ಅಲ್ಲಿಂದಲೇ ಆರಂಭವಾಗುತ್ತದೆ.