ಇ-ಮೇಲಿನ ಕೀಲಿಕೈ ಯಾರ ಹತ್ತಿರ ಇದೆ?

ಒಕ್ಕಲುತನದ ಪುಟದಲ್ಲಿ ತೊಗರಿಯ ಕಾಯಿಕೊರಕದ ಬಗ್ಗೆಯೋ ಸೋಯಾಬೀನಿನ ಧಾರಣೆಯ ಬಗ್ಗೆಯೋ ಬರೆಯುವದನ್ನು ಬಿಟ್ಟು ಇ-ಮೇಲಿನ ಮಾತೇಕೆ ಎಂದು ಉಮರ್ಗಾ, ನಿಲಂಗಾ, ಉದಗೀರ ಭಾಗದ ನಮ್ಮ ವಾಚಕರು ಕೇಳಬಹುದು. ಆದರೆ ಈಗ ಹನಿ ನೀರಾವರಿಯ ಸಾಮಾನಿನ ಕೊಟೇಶನ್ನು, ಬ್ಯಾಂಕಿನ ಖಾತೆ ಉತಾರ, ಮಗಳ ಪರೀಕ್ಷೆಯ ಹಾಲ್ ಟಿಕೀಟು ಮೊದಲಾದವು ಬಂದು ಬೀಳುವದು ಅನೇಕ ಸಲ ಆ ಪೆಟ್ಟಿಗೆಯಲ್ಲಿಯೇ. ಮೇಲಾಗಿ ಆಂಡ್ರಾಯ್ಡ್ ಫೋನು ಕೊಂಡ ದಿನವೇ ಅದರಲ್ಲಿ ಒಂದು ಜಿಮೇಲ್ ಖಾತೆ ಸೇರಿಸುವದು ರೂಢಿ. ಫೋನಿನ ನಂಬರುಗಳ ಪಟ್ಟಿ, ಫೋಟೋಗಳು ಆ ಖಾತೆಗೇ ಜೋಡಿಸಿಕೊಂಡಿರುತ್ತವೆ. ‘ನಮಗೆಲ್ಲಿಯ ಇ-ಮೇಲು’ ಎನ್ನುವ ರೈತರ ಕಿಸೆಯಲ್ಲಿಯೂ ಅದು ಇರುತ್ತದೆ.

ಇರುತ್ತದೆ, ಆದರೆ ಅದರ ಕೀಲಿಕೈ ಅವರ ಹತ್ತಿರ ಇರುವದಿಲ್ಲ. ಫೋನು ಮಾರಿದ ಅಂಗಡಿಯ ಹುಡುಗ, ಇಲ್ಲವೆ ಅರ್ಜಿ ತುಂಬುವ ಸೇವಾ ಕೇಂದ್ರದವನು ಎರಡು ನಿಮಿಷದಲ್ಲಿ ಖಾತೆ ತೆರೆದು ಕೊಡುತ್ತಾನೆ. ಪಾಸವರ್ಡ ಅವನಿಗೆ ತೋಚಿದ್ದು. ಮೊಬೈಲ ನಂಬರಿನ ಜಾಗದಲ್ಲಿ ಅವಸರಕ್ಕೆ ತನ್ನದನ್ನೇ ಬರೆದಿರುತ್ತಾನೆ, ಇಲ್ಲವೆ ಖಾಲಿ ಬಿಟ್ಟಿರುತ್ತಾನೆ. ಅವನದು ಕೆಟ್ಟ ಬುದ್ಧಿ ಎಂದು ನಾವು ಹೇಳುವದಿಲ್ಲ. ಬಾಗಿಲಲ್ಲಿ ಇಪ್ಪತ್ತು ಜನ ನಿಂತಿರುತ್ತಾರೆ. ಫೋನು ನಡೆಯುವ ತನಕ ಎಲ್ಲವೂ ಸರಿ. ಅದು ಬಾವಿಯಲ್ಲಿ ಬಿದ್ದ ದಿನ, ಸಂತೆಯಲ್ಲಿ ಕಳುವಾದ ದಿನ ತೊಡಕು ಶುರುವಾಗುವದು. ಪಿನ್ ಮರೆತು ಅಂಗಡಿಯಲ್ಲಿ ಫೋನನ್ನು ಪೂರಾ ಅಳಿಸಿದರಂತೂ ಹಳೆಯ ಖಾತೆಯ ಪಾಸವರ್ಡ ಕೇಳಿ ಕೂತುಬಿಡುತ್ತದೆ. ಕದ್ದವನಿಗೆ ಫೋನು ಉಪಯೋಗಕ್ಕೆ ಬರಬಾರದೆಂದು 2015ರಿಂದ ಆಂಡ್ರಾಯ್ಡಿನಲ್ಲಿ ಮಾಡಿದ ಏರ್ಪಾಡು ಇದು. ನಮ್ಮ ಕಡೆ ಅದು ಧಣಿಯನ್ನೇ ಹೊರಗೆ ನಿಲ್ಲಿಸುತ್ತಿದೆ.

1993ರ ಸಪ್ಟಂಬರ 30 ಇಲ್ಲಿಯ ಹಿರಿಯರು ಮರೆತಿಲ್ಲ. ಕಿಲ್ಲಾರಿ, ಸಾಸ್ತೂರ ಕಡೆಯ ಕಲ್ಲು-ಮಣ್ಣಿನ ಮನೆಗಳು ಬೆಳಗಾಗುವದರೊಳಗೆ ಕುಸಿದವು. ಹೋದ ಜೀವಗಳ ಮುಂದೆ ಕಾಗದ ಏನೂ ಅಲ್ಲ. ಆದರೂ ಹೊಲದ ಉತಾರ ಕಳೆದವನಿಗೆ ತಲಾಠಿಯ ದಫ್ತರವೆಂಬುದು ಇರುತ್ತದೆ; ‘ಇವನು ಇಂಥವರ ಮಗ’ ಎಂದು ಹೇಳುವ ಊರವರು ಇರುತ್ತಾರೆ. ಜಿಮೇಲಿಗೆ ತಲಾಠಿ ಇಲ್ಲ. ಆಧಾರ ಕಾರ್ಡು ತೋರಿಸಿದರೆ ಖಾತೆ ಮರಳಿ ಕೊಡುವ ಕಿಟಕಿ ಲಾತೂರಿನಲ್ಲಿಯೂ ಇಲ್ಲ, ಮುಂಬಯಿಯಲ್ಲಿಯೂ ಇಲ್ಲ. ಅಲ್ಲಿ ಗುರುತು ಹಿಡಿಯುವದು ಯಂತ್ರ. ಅದು ಮುಖ ನೋಡುವದಿಲ್ಲ. ಮೊದಲೇ ಬರೆಸಿಟ್ಟ ಮೊಬೈಲ ನಂಬರು, ಎರಡನೆಯ ಇ-ಮೇಲು, ಹಿಂದೆ ಬಳಸಿದ ಫೋನು, ಹಳೆಯ ಪಾಸವರ್ಡ, ಇಂಥವನ್ನು ನೋಡುತ್ತದೆ. ಆದುದರಿಂದ ಖಾತೆ ಕಳೆದ ಮೇಲೆ ಓಡಾಡುವದಕ್ಕಿಂತ, ಅದು ಇನ್ನೂ ತೆರೆದಿರುವಾಗಲೇ ಅದನ್ನು ತಮ್ಮ ಹೆಸರಿಗೆ ಗಟ್ಟಿ ಮಾಡಿಕೊಳ್ಳಬೇಕೆಂದು ನಮ್ಮ ಅಭಿಪ್ರಾಯ.

ಫೋನಿನ ಸೆಟ್ಟಿಂಗಿನಲ್ಲಿ ಗೂಗಲ್ ಎಂಬುದನ್ನು ಒತ್ತಿ ಖಾತೆಯ ಸುರಕ್ಷತೆಯ ಭಾಗಕ್ಕೆ ಹೋಗಿರಿ. ರಿಕವರಿ ಫೋನು ಎಂಬಲ್ಲಿ ಯಾರ ನಂಬರು ಇದೆ ನೋಡಿರಿ. ಅನ್ಯರದಿದ್ದರೆ ತೆಗೆದು ನಿಮ್ಮದನ್ನು ಹಾಕಿರಿ. ಪಾಸವರ್ಡ ಕೇಳಿ, ಅದು ಗೊತ್ತಿಲ್ಲದಿದ್ದರೆ ಹೆದರಬೇಡಿರಿ. ‘ಪಾಸವರ್ಡ ಮರೆತಿದೆ’ ಎಂಬುದನ್ನು ಒತ್ತಿದರೆ, ಖಾತೆ ತೆರೆದಿರುವ ಅದೇ ಫೋನನ್ನು ಅನೇಕ ಸಲ ಸಾಕ್ಷಿಯಾಗಿ ಒಪ್ಪಿಕೊಳ್ಳುತ್ತದೆ. ಒಂದು ಮಾತು ನೆನಪಿರಲಿ: ನಂಬರು ಬದಲಿಸಿದ ಮೇಲೆಯೂ 7 ದಿನಗಳವರೆಗೆ ಹಳೆಯ ನಂಬರಿಗೆ ಸಂಕೇತ ಹೋಗುವ ಸಂಭವವಿದೆ. ಯಾವ ಯಾವ ಫೋನು, ಕಂಪ್ಯೂಟರಿನಲ್ಲಿ ನಿಮ್ಮ ಖಾತೆ ತೆರೆದಿದೆ ಎಂಬ ಪಟ್ಟಿಯೂ ಅಲ್ಲಿಯೇ ಸಿಗುತ್ತದೆ. ಸೇವಾ ಕೇಂದ್ರದ ಕಂಪ್ಯೂಟರು ಅದರಲ್ಲಿ ಕಂಡರೆ ಹೊರಗೆ ಹಾಕಿರಿ.

ನಂಬರು ನಿಮ್ಮದೇ ಎಂದರೂ ಅದು ಉಳಿಯಬೇಕಲ್ಲ. ಪುಣೆ, ಹೈದರಾಬಾದಿಗೆ ದುಡಿಯಲು ಹೋಗುವ ನಮ್ಮ ಹುಡುಗರು ಅಗ್ಗದ ಆಫರು ಕಂಡಲ್ಲಿ ಹೊಸ ಸಿಮ್ಮು ಹಾಕಿ ಹಳೆಯದನ್ನು ಬಿಸಾಡುತ್ತಾರೆ. 90 ದಿನ ಉಪಯೋಗಿಸದ ಪ್ರಿಪೇಡ ಸಿಮ್ಮು ಬಂದಾಗುತ್ತದೆ. ಅದಾದ ಕೆಲಕಾಲಕ್ಕೆ ಆ ನಂಬರನ್ನು ಕಂಪನಿ ಬೇರೆಯವರಿಗೆ ಕೊಡುತ್ತದೆ. ಆಮೇಲೆ ನಿಮ್ಮ ಖಾತೆಯ ಒಟಿಪಿ ಹೋಗುವದು ಆ ಗುರುತಿಲ್ಲದ ಮನುಷ್ಯನಿಗೆ. ಸಿಮ್ಮು ಬದಲಿಸುವದಿದ್ದರೆ ಮೊದಲು ಖಾತೆಯಲ್ಲಿ ನಂಬರು ಬದಲಿಸಿರಿ.

ಪಾಸವರ್ಡನ್ನು ಕಾಗದದ ಮೇಲೆ ಬರೆಯಬಾರದೆಂದು ಪಟ್ಟಣದ ಕೆಲವು ತಜ್ಞರು ಹೇಳುತ್ತಾರೆ. ನಾವು ಒಪ್ಪುವದಿಲ್ಲ. ದೂರದಲ್ಲಿ ಕೂತು ಕದಿಯುವವನ ಕೈ ನಿಮ್ಮ ಮನೆಯ ಟ್ರಂಕಿಗೆ ಮುಟ್ಟುವದಿಲ್ಲ. ಸಾತಬಾರಾ ಇಡುವ ಚೀಲದಲ್ಲಿಯೇ ಒಂದು ವಹಿಯಲ್ಲಿ ಬರೆದಿಡಿರಿ; ಫೋನಿನ ಕವರಿನಲ್ಲಿ ಮಾತ್ರ ಬೇಡ. ಪಾಸವರ್ಡ ಕನ್ನಡ ಅಕ್ಷರಗಳಲ್ಲಿ ನಡೆಯುವದಿಲ್ಲ. ಆದರೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಕನ್ನಡ ಮಾತುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಉದ್ದಕ್ಕೆ ಬರೆದರೆ ನೆನಪಿಗೂ ಸುಲಭ, ಊಹಿಸುವವನಿಗೂ ಕಷ್ಟ. ಮಗನ ಹೆಸರು, ಹುಟ್ಟಿದ ವರ್ಷ ಹಾಕುವ ರೂಢಿಯನ್ನು ಬಿಡತಕ್ಕದ್ದು. ಎರಡು ಹಂತದ ಪರೀಕ್ಷೆ ಹಚ್ಚಿಕೊಂಡರೆ ಗೂಗಲ್ ಕಡೆಯಿಂದ 8 ಅಂಕಿಗಳ 10 ಗುಪ್ತ ಸಂಖ್ಯೆಗಳನ್ನು ಪಡೆಯಬಹುದು. ಫೋನು ಇಲ್ಲದಾಗ ಒಂದೊಂದು ಒಂದೊಂದು ಸಲ ನಡೆಯುತ್ತದೆ. ಅವನ್ನೂ ಅದೇ ವಹಿಯಲ್ಲಿ ಇಡಿರಿ.

ಖಾತೆ ಆಗಲೇ ಕೈಬಿಟ್ಟವರು ತಮ್ಮ ಊರಿನಲ್ಲಿಯೇ, ಹಿಂದೆ ಬಳಸಿದ ಫೋನಿನಿಂದಲೇ ಪ್ರಯತ್ನ ಮಾಡುವದು ಒಳ್ಳೆಯದು. ಹೊಸ ಜಾಗದಿಂದ, ಹೊಸ ಯಂತ್ರದಿಂದ ಬಂದವರ ಮೇಲೆ ಅದಕ್ಕೆ ಸಂಶಯ ಹೆಚ್ಚು. ಸರಿಯಾಗಿ ನೆನಪಿಲ್ಲದ ಪ್ರಶ್ನೆಗೂ ಊಹೆಯ ಉತ್ತರ ಕೊಡಿರಿ, ಬಿಟ್ಟುಹೋಗಬೇಡಿರಿ. ದುಡ್ಡು ತೆಗೆದುಕೊಂಡು ಖಾತೆ ತೆರೆದು ಕೊಡುತ್ತೇವೆಂದು ಫೋನು ಮಾಡುವವರು ಗೂಗಲ್ ಕಂಪನಿಯವರಲ್ಲ, ಠಕ್ಕರು. ಖಾತೆ ಇದ್ದು ಒಂದು ಪತ್ರ ಮಾತ್ರ ಕಾಣದಿದ್ದರೆ ಕಸದ ಬುಟ್ಟಿ ಮತ್ತು ಸ್ಪ್ಯಾಮ್ ನೋಡಿರಿ. ಎರಡರಲ್ಲಿಯೂ 30 ದಿನ ಉಳಿಯುತ್ತದೆ. ಎರಡು ವರ್ಷ ಮುಟ್ಟದ ಖಾತೆಗಳನ್ನೇ ಅಳಿಸುವ ನಿಯಮ 2023ರ ಡಿಸೆಂಬರದಿಂದ ಬಂದಿದೆ ಎಂಬುದೂ ತಿಳಿದಿರಲಿ.

ಕಿಸಾನ್ ಕಂತಿನ ಹೆಸರಿನಲ್ಲಿ ವಾಟ್ಸಾಪಿಗೆ ಬರುವ ಆ್ಯಪ್ ಕಡತವನ್ನು ತೆರೆಯಲೇಬಾರದು. ಅದು ಒಳಗೆ ಹೊಕ್ಕು ಒಟಿಪಿಗಳನ್ನು ಓದುತ್ತದೆ. ಇ-ಮೇಲೂ ಹೋಗುತ್ತದೆ, ಬ್ಯಾಂಕಿನ ದುಡ್ಡೂ ಹೋಗುತ್ತದೆ. ದುಡ್ಡು ಹೋದ ಕೂಡಲೆ 1930ಕ್ಕೆ ಫೋನು ಮಾಡಿರಿ, ನಾಳೆಗೆ ಇಡಬೇಡಿರಿ.

ನಮ್ಮವರಿಗೆ ಇನ್ನೊಂದು ತೊಂದರೆ ಉಂಟು. ಖಾತೆಯಲ್ಲಿ ಯಾರೋ ಹೊಕ್ಕಿದ್ದಾರೆಂಬ ಎಚ್ಚರಿಕೆ ಇಂಗ್ಲಿಷಿನಲ್ಲಿ ಬರುತ್ತದೆ. ಓದಲಾರದವರು ಬೆರಳಿನಿಂದ ಸರಿಸಿಬಿಡುತ್ತಾರೆ. ಖಾತೆಯ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಲು ಬರುತ್ತದೆ. ಮರಾಠಿ ಶಾಲೆಯಲ್ಲಿ ಕಲಿತವರಿಗೆ ಮರಾಠಿ ಇರಲಿ, ಅದರಲ್ಲಿ ಅಭಿಮಾನದ ಪ್ರಶ್ನೆ ಬೇಡ, ಓದಿದ್ದು ತಿಳಿಯಬೇಕು.

ಸೇವಾ ಕೇಂದ್ರಗಳವರಿಗೂ ನಮ್ಮದೊಂದು ಬೇಡಿಕೆ. ರೈತನ ಸ್ವಂತ ನಂಬರು ಇಲ್ಲದೆ ಖಾತೆ ತೆರೆಯಬಾರದು. ಪಾಸವರ್ಡನ್ನು ಅವನಿಂದಲೇ, ಇಲ್ಲವೆ ಅವನ ಮನೆಯ ಓದಿದ ಹುಡುಗಿಯಿಂದ ಒತ್ತಿಸತಕ್ಕದ್ದು. ತೆರೆದ ಖಾತೆಯ ಹೆಸರನ್ನು ಚೀಟಿಯಲ್ಲಿ ಬರೆದು ಕೈಗೆ ಕೊಡತಕ್ಕದ್ದು. ಅರ್ಜಿಗೆ ಹಣ ತೆಗೆದುಕೊಳ್ಳುವವರಿಗೆ ಇದು ಹೆಚ್ಚಿನ ಕೆಲಸವಲ್ಲ.

ಹಬ್ಬಕ್ಕೆ ಪುಣೆಯಿಂದ ಬಂದ ಮಗನನ್ನು ಅರ್ಧ ತಾಸು ಕೂಡಿಸಿಕೊಂಡು ಇದನ್ನೆಲ್ಲ ಮಾಡಿಸಿರಿ. ಅವನ ಇ-ಮೇಲನ್ನು ಎರಡನೆಯ ಇ-ಮೇಲೆಂದು ಸೇರಿಸಬಹುದು. ಮೊಬೈಲ ನಂಬರು ಮಾತ್ರ ನಿಮ್ಮದೇ ಇರಲಿ.