ಪತ್ರೊಡೆಗೆ ಪತ್ರೊಡೆ ಅನ್ನಲಿಕ್ಕೆ ಏನು ಅಡ್ಡಿ?

ಮೇ ತಿಂಗಳಲ್ಲಿ ನಿವೃತ್ತರಾದ ನಮ್ಮ ಶಾಲೆಯ ಟೀಚರೊಬ್ಬರು ಆಟಿಯ ಒಂದು ಶನಿವಾರ ನಮ್ಮನ್ನು ಊಟಕ್ಕೆ ಕರೆದರು. ಮನೆಗಲ್ಲ, ಬೇಕಲದ ಕಡೆ ಹೊಸದಾಗಿ ಆದ ಒಂದು ಹೋಟೆಲಿಗೆ. ಅವರ ಮಗ ಬೆಂಗಳೂರಿನಿಂದಲೇ ಮೇಜು ಕಾದಿರಿಸಿದ್ದನಂತೆ. ಧೋ ಎಂದು ಮಳೆ. ನಾವು ನಾಲ್ಕು ಮಂದಿ ಚಂದ್ರಗಿರಿ ಹೊಳೆ ದಾಟಿ ಹೋದೆವು.

ಆರೇ ಆರು ಮೇಜು. ಮಂದ ಬೆಳಕು. ಬಾಳೆಎಲೆ ಹಾಕಿ ಬಡಿಸುವ ಕ್ರಮ ಅಲ್ಲಿಲ್ಲ. ಅಂಗೈಯಗಲದ ತಟ್ಟೆಗಳಲ್ಲಿ ಒಂದಾದ ಮೇಲೆ ಒಂದು ತಂದಿಡುತ್ತಾರೆ, ಕೂತವರು ಹಂಚಿಕೊಂಡು ತಿನ್ನಬೇಕು. ಸ್ಪೇನ್ ದೇಶದಲ್ಲಿ ಇಂಥ ಸಣ್ಣ ತಟ್ಟೆಗಳಿಗೆ ತಾಪಸ್ ಅನ್ನುತ್ತಾರೆ. ಈ ಹೋಟೆಲಿನವರೂ ಕಾರ್ಡಿನ ಮೇಲೆ ಆ ಹೆಸರನ್ನೇ ದೊಡ್ಡದಾಗಿ ಹಾಕಿದ್ದಾರೆ. ಅಡುಗೆ ಮಾತ್ರ ನಮ್ಮ ಊರಿನದ್ದು.

ಮೊದಲೇ ಹೇಳಿಬಿಡುತ್ತೇವೆ, ರುಚಿಯ ಬಗ್ಗೆ ನಮ್ಮದು ತಕರಾರಿಲ್ಲ. ಪತ್ರೊಡೆಯನ್ನು ತೆಳ್ಳಗೆ ಕೊಯ್ದು ಗರಿಗರಿಯಾಗಿ ಕಾಯಿಸಿ, ಮೇಲೆ ಬೆಲ್ಲ-ಹುಣಸೆಯ ಗಟ್ಟಿ ಗೊಜ್ಜು ಒಂದೊಂದು ಬೊಟ್ಟು ಇಟ್ಟಿದ್ದರು. ಒಂದೆಲಗದ ತಂಬುಳಿ ಪುಟ್ಟ ಗ್ಲಾಸಿನಲ್ಲಿ ಬಂತು. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಅರೆದು ಮಾಡಿದ ಉಂಡ್ಲಕಾಳು, ಜತೆಗೆ ಗಾಂಧಾರಿ ಮೆಣಸಿನ ಚಟ್ನಿ. ಅಡುಗೆ ಮಾಡಿದವರಿಗೆ ಕೈಗುಣ ಉಂಟು, ತಲೆಯೂ ಉಂಟು. ಅಜ್ಜಿ ಮಾಡುತ್ತಿದ್ದುದನ್ನೇ ಹೊಸ ರೀತಿಯಲ್ಲಿ ಮಾಡುವುದು ತಪ್ಪಲ್ಲ. ಅಜ್ಜಿಯೂ ಅವಳ ಅತ್ತೆ ಮಾಡಿದ ಹಾಗೆಯೇ ಮಾಡಿದವಳಲ್ಲ.

ನಮಗೆ ಗಂಟಲಿಗೆ ಸಿಕ್ಕಿಕೊಂಡದ್ದು ಕಾರ್ಡು.

ಪತ್ರೊಡೆಗೆ ಅದರಲ್ಲಿ 'ಟ್ಯಾರೋ ರೋಲ್' ಎಂದು ಹೆಸರು. ತಂಬುಳಿಗೆ 'ಬ್ರಾಹ್ಮಿ ಕೂಲರ್'. ಉಂಡ್ಲಕಾಳು 'ಜ್ಯಾಕ್‌ಫ್ರೂಟ್ ಬೈಟ್ಸ್'. ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿದ್ದಾರೆ ಅನ್ನೋಣವೆಂದರೆ ಹಾಗೂ ಅಲ್ಲ. ಅದೇ ಕಾರ್ಡಿನಲ್ಲಿ ಅರಿಕ್ಕಡುಕ್ಕ ಅರಿಕ್ಕಡುಕ್ಕವಾಗಿಯೇ ಉಂಟು, ಉನ್ನಕ್ಕಾಯ ಉನ್ನಕ್ಕಾಯವಾಗಿಯೇ ಉಂಟು. ಇರಬೇಕಾದ್ದೇ, ಅದಕ್ಕೆ ನಮಗೆ ಸಂತೋಷ. ಮೆಕ್ಸಿಕೋದ ಟಾಕೊ ಕೂಡ ಹೆಸರು ಕಳಕೊಂಡಿಲ್ಲ. ಸಮುದ್ರ ದಾಟಿ ಬಂದ ಟಾಕೊವಿಗೆ ಇರುವ ಮರ್ಯಾದೆ ಹೊಳೆ ದಾಟಿ ಬಂದ ಪತ್ರೊಡೆಗೆ ಇಲ್ಲವಲ್ಲ ಮಾರಾಯ್ರೆ!

ಬಡಿಸುತ್ತಿದ್ದ ಹುಡುಗ ಇಂಗ್ಲಿಷಿನಲ್ಲಿ ಬಾಯಿಪಾಠ ಒಪ್ಪಿಸಿದ. ನಮ್ಮಲ್ಲೊಬ್ಬರು "ಇದು ಯಾವ ಎಲೆ ಮಗಾ?" ಎಂದು ಕನ್ನಡದಲ್ಲಿ ಕೇಳಿದರು. ಹುಡುಗನ ಮುಖವೇ ಬೇರೆಯಾಯಿತು. "ಮರಕೆಸು ಸರ್. ನೆಲದ್ದಲ್ಲ, ಮರದಲ್ಲಿ ಆಗುದು. ಮಳೆಗಾಲದಲ್ಲಿ ಮಾತ್ರ ಸಿಗುದು" ಎಂದ. ಬದಿಯಡ್ಕದ ಆಚೆಯವನು, ಹತ್ತರವರೆಗೆ ಕನ್ನಡ ಮಾಧ್ಯಮ. "ಹಾಗಾದರೆ ಪತ್ರೊಡೆ ಅಂತ ಯಾಕೆ ಹೇಳಲಿಲ್ಲ?" ಎಂದು ಕೇಳಿದ್ದಕ್ಕೆ ಅವನು ಹಿಂದೆ ತಿರುಗಿ ನೋಡಿ ಮೆಲ್ಲ ಹೇಳಿದ: "ಮನೆಯಲ್ಲಿ ಹಾಗೆಯೇ ಹೇಳುದು ಸರ್. ಇಲ್ಲಿ ಹಾಗೆ ಹೇಳ್ಲಿಕ್ಕಿಲ್ಲ."

ಆ ಮಾತು ಕೇಳಿದ ಮೇಲೆ ಮುಂದಿನ ತಟ್ಟೆಗಳ ರುಚಿ ನಮಗೆ ಸರಿಯಾಗಿ ನೆನಪಿಲ್ಲ.

ಪ್ರತಿ ವರ್ಷ ಜೂನ್ ತಿಂಗಳಲ್ಲಿ ಮಕ್ಕಳನ್ನು ಹುಡುಕಿಕೊಂಡು ನಾವು ಮನೆಮನೆಗೆ ಹೋಗುತ್ತೇವೆ. ಜಗಲಿಯಲ್ಲಿ ಕೂರಿಸಿ ಬೆಲ್ಲ-ನೀರು ಕೊಟ್ಟು ಹೆತ್ತವರು ಕೇಳುವ ಪ್ರಶ್ನೆ ಒಂದೇ: "ಕನ್ನಡದಲ್ಲಿ ಕಲಿತು ಎಂತ ಪ್ರಯೋಜನ ಮಾಷ್ಟ್ರೇ?" ನಾವು ಸಾಹಿತ್ಯ, ಸಂಸ್ಕೃತಿ ಅಂತ ಏನೇನೋ ಹೇಳುತ್ತೇವೆ. ಅವರು ತಲೆಯಾಡಿಸುತ್ತಾರೆ. ಮಗುವನ್ನು ಬೇರೆ ಶಾಲೆಗೆ ಸೇರಿಸುತ್ತಾರೆ. ಇಲ್ಲಿ ನೋಡಿ, ಆ ಹೋಟೆಲಿನಲ್ಲಿ ಮಾರುತ್ತಿರುವುದೇ ಊರಿನ ಅಡುಗೆ. ಮರದ ಕೆಸು ಯಾವುದು, ನೆಲದ ಕೆಸು ಯಾವುದು ಎಂದು ಬಡಿಸುವವರ ಪೈಕಿ ಗೊತ್ತಿದ್ದದ್ದು ಈ ಒಬ್ಬ ಹುಡುಗನಿಗೆ. ಮನೆಮಾತಿನಿಂದ ಬಂದ ಆ ತಿಳಿವಳಿಕೆ ಅವನ ಕೆಲಸಕ್ಕೆ ನೇರವಾಗಿ ಬೇಕಾದ ಬಂಡವಾಳ. ಅದನ್ನೇ ಬಾಯಿಬಿಡಬೇಡ ಎಂದಿದ್ದಾರೆ! ಪ್ರಯೋಜನವಿಲ್ಲ ಎಂದು ಮೊದಲು ತೀರ್ಮಾನ ಮಾಡಿ, ಆಮೇಲೆ ಪ್ರಯೋಜನವಾಗದ ಹಾಗೆ ನೋಡಿಕೊಳ್ಳುವುದು ಅಂದರೆ ಇದೇ.

"ಹೆಸರಲ್ಲೇನಿದೆ, ಹೊಟ್ಟೆಗೆ ಹೋದರಾಯಿತು" ಎನ್ನುವವರು ಇದ್ದಾರೆ. ಅವರಿಗೆ ಎರಡು ಮಾತು.

ಟ್ಯಾರೋ ಎಂದರೆ ನೆಲದಲ್ಲಿ ಗೆಡ್ಡೆ ಬಿಡುವ ಕೆಸು. ನಮ್ಮ ಆಟಿಯ ಪತ್ರೊಡೆಗೆ ಹುಡುಕಿ ತರುವ ಮರಕೆಸು ಬೇರೆಯೇ ಗಿಡ. ಸಸ್ಯಶಾಸ್ತ್ರದವರು ಅದನ್ನು ಬೇರೆ ಕುಲಕ್ಕೇ ಸೇರಿಸಿದ್ದಾರೆ. ಇನ್ನು ಬ್ರಾಹ್ಮಿಯ ಕತೆ. ನಮ್ಮಲ್ಲಿ ಒಂದೆಲಗಕ್ಕೆ ಬ್ರಾಹ್ಮಿ ಅನ್ನುವವರು ಬೇಕಾದಷ್ಟು ಮಂದಿ. ತುಳುವಿನಲ್ಲಿ ಅದು ತಿಮರೆ. ಆದರೆ ಕೇರಳದಲ್ಲಿ ಬ್ರಹ್ಮಿ ಎಂದರೆ ನಾವು ನೀರುಬ್ರಾಹ್ಮಿ ಎನ್ನುವ, ಸಣ್ಣ ದಪ್ಪ ಎಲೆಯ ಬೇರೊಂದು ಗಿಡ. ಕಾರ್ಡು ಓದಿದ ಮಲಯಾಳಿ ಒಂದನ್ನು ಎಣಿಸುತ್ತಾನೆ, ಕುಡಿಯುವುದು ಇನ್ನೊಂದನ್ನು. ಊರಿನ ಹೆಸರು ಬಿಟ್ಟದ್ದರಿಂದ ಹೊರಗಿನವರಿಗೆ ಅರ್ಥವಾಗಲಿಲ್ಲ, ಒಳಗಿನವರಿಗೆ ಗೊಂದಲವಾಯಿತು. ಕೆಸುವಿನ ತುರಿಕೆ ಹೋಗಲು ಹುಳಿ ಬೇಕು, ಸೊಳೆಯ ಉಪ್ಪು ಬಿಡಲು ನೀರಲ್ಲಿ ಹಾಕಿಡಬೇಕು. ಇಂಥ ಎಷ್ಟೋ ಬುದ್ಧಿ ಆ ಹೆಸರುಗಳ ಜತೆಗೇ ಅಡುಗೆಮನೆಯಲ್ಲಿ ಬಾಯಿಂದ ಬಾಯಿಗೆ ಬಂದದ್ದು.

"ಪ್ರವಾಸಿಗರಿಗೆ ತಿಳಿಯಬೇಡವೇ?" ಎಂದು ಕೇಳಬಹುದು. ತಿಳಿಯಲಿ. ಮೇಲೆ ಪತ್ರೊಡೆ ಎಂದು ಬರೆದು ಕೆಳಗೆ ಎರಡು ಸಾಲಿನಲ್ಲಿ ವಿವರ ಕೊಡಲಿ. 2021ರಲ್ಲಿ ಕೇಂದ್ರದ ಆಯುಷ್ ಸಚಿವಾಲಯ ಸಾಂಪ್ರದಾಯಿಕ ಆಹಾರಗಳ ಪುಸ್ತಿಕೆಯಲ್ಲಿ ಪತ್ರೊಡೆಯನ್ನು ಪತ್ರೊಡೆ ಎಂದೇ ಸೇರಿಸಿತು. ದಿಲ್ಲಿಯವರ ಬಾಯಲ್ಲಿ ಹೊರಳಿದ ಹೆಸರು ಬೇಕಲದಲ್ಲಿ ಹೊರಳುವುದಿಲ್ಲವೇ?

"ಅದು ಕನ್ನಡದ್ದೋ ತುಳುವಿನದ್ದೋ ಕೊಂಕಣಿಯದ್ದೋ?" ಎಂದು ಜಗಳ ತೆಗೆಯುವವರೂ ಉಂಟು. ನಮಗೆ ಆ ಜಗಳ ಬೇಡ. ಪತ್ರೊಡೆ ಎಲ್ಲರ ಮನೆಯದ್ದು. ತುಳುವಿನಲ್ಲಿ ಬರೆಯಿರಿ, ಕೊಂಕಣಿಯಲ್ಲಿ ಬರೆಯಿರಿ, ಹವ್ಯಕರ ಹೆಸರು ಹಾಕಿ. ಮಾಡಿ ತಿಂದವರು ಕರೆದ ಯಾವುದಾದರೂ ಒಂದು ಹೆಸರು ಇರಲಿ, ನಮ್ಮ ಒತ್ತಾಯ ಅಷ್ಟೇ. ಇದು ಮಲಯಾಳದ ಮೇಲಿನ ಸಿಟ್ಟು ಅಲ್ಲವೇ ಅಲ್ಲ. ತಮ್ಮ ತಿಂಡಿಯ ಹೆಸರು ಬಿಡದೆ ಇಟ್ಟುಕೊಂಡ ಮಲಯಾಳಿಗಳಿಂದ ನಾವು ಕಲಿಯಬೇಕು.

ಈಗ ನಮ್ಮ ತಪ್ಪಿಗೆ ಬರೋಣ. 2017ರಲ್ಲಿ ಮಲಯಾಳ ಕಡ್ಡಾಯ ಕಲಿಕೆಯ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದೆವು. 2021ರಲ್ಲಿ ಊರುಗಳ ಹೆಸರು ಬದಲಾಗುತ್ತದೆಂಬ ಸುದ್ದಿ ಎದ್ದಾಗ ಕರ್ನಾಟಕದಿಂದಲೂ ಹೇಳಿಕೆಗಳು ಬಂದವು. ಅಂಥ ತೀರ್ಮಾನವೇ ಇಲ್ಲ ಎಂದು ಕೇರಳದ ಕಡೆಯಿಂದ ಉತ್ತರ ಬಂತು. ಆದರೆ ಅಡುಗೆಮನೆಯ ಹೆಸರು ಹೋಗಲು ಯಾವ ಸರಕಾರದ ಆದೇಶವೂ ಬೇಕಾಗಿಲ್ಲ. ನಾವು ಮಾಷ್ಟ್ರು-ಟೀಚರುಗಳು ಸಾಕು. ನಮ್ಮದೇ ಶಾಲೆಯ ಆಹಾರ ಮೇಳದಲ್ಲಿ ಪುನರ್ಪುಳಿ ಶರಬತ್ತಿನ ಎದುರು 'ಹರ್ಬಲ್ ಡ್ರಿಂಕ್' ಎಂದು ಚೀಟಿ ಅಂಟಿಸಿದವರು ಯಾರು? ನಾವೇ. ಬುತ್ತಿಯಲ್ಲಿ ಪತ್ರೊಡೆ ತಂದ ಹುಡುಗಿ ಮುಚ್ಚಳ ಅಡ್ಡ ಹಿಡಿದು ತಿನ್ನುವಾಗ ನೋಡಿಯೂ ನೋಡದ ಹಾಗೆ ಹೋದವರು ಯಾರು? ನಾವೇ. ಆ ಹೋಟೆಲಿನ ಧಣಿ ಕಾರ್ಡಿನಲ್ಲಿ ಮಾಡಿದ್ದನ್ನು ನಾವು ಚೀಟಿಯಲ್ಲಿ ಅವನಿಗಿಂತ ಮೊದಲೇ ಮಾಡಿಬಿಟ್ಟಿದ್ದೇವೆ.

ಹಲಸನ್ನು ಕೇರಳ ಸರಕಾರ 2018ರಲ್ಲಿ ರಾಜ್ಯದ ಹಣ್ಣು ಎಂದು ಘೋಷಿಸಿತು. ಈ ಹಲಸಿನ ಬಗ್ಗೆ ವರ್ಷಗಟ್ಟಲೆ ಕನ್ನಡದಲ್ಲಿ ಬರೆದು ಜನರ ಕಣ್ಣು ತೆರೆಸಿದವರು ನಮ್ಮ ಜಿಲ್ಲೆಯವರೇ ಆದ ಶ್ರೀಪಡ್ರೆ, ಅವರ 'ಅಡಿಕೆ ಪತ್ರಿಕೆ'ಯ ಮೂಲಕ. ಊರಿನ ವಿಷಯವನ್ನು ಊರಿನ ಮಾತಿನಲ್ಲೇ ಹೇಳಿದರೆ ಲೋಕ ಕೇಳುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಕನ್ನಡದಲ್ಲಿ ಕಲಿತು ಎಂತ ಪ್ರಯೋಜನ ಎಂದು ಕೇಳುವವರಿಗೆ ಮುಂದಿನ ಜೂನಿನಲ್ಲಿ ನಾವು ಇದನ್ನೇ ಹೇಳಬೇಕೆಂದಿದ್ದೇವೆ.

ಏಳುವಾಗ ಅಭಿಪ್ರಾಯ ಬರೆಯುವ ಪುಸ್ತಕ ತಂದುಕೊಟ್ಟರು. ನಾವು ಕನ್ನಡದಲ್ಲೇ ಬರೆದೆವು: 'ಪತ್ರೊಡೆ, ತಂಬುಳಿ, ಉಂಡ್ಲಕಾಳು ಮೂರೂ ಬಹಳ ಚೆನ್ನಾಗಿದ್ದವು. ಅವುಗಳ ಹೆಸರನ್ನೂ ಬಡಿಸಿ. ಬಡಿಸುವ ಹುಡುಗನಿಗೆ ಗೊತ್ತುಂಟು, ಅವನನ್ನು ಕೇಳಿ.' ಕೆಳಗೆ ನಾಲ್ವರೂ ರುಜು ಹಾಕಿದೆವು.

ಈ ಸಲದ ಆಹಾರ ಮೇಳಕ್ಕೆ ನಮ್ಮ ಶಾಲೆಯಲ್ಲಿ ಒಂದು ನಿಯಮ ಮಾಡಿದ್ದೇವೆ. ಪ್ರತಿ ಮಗು ತಾನು ತಂದ ತಿಂಡಿಗೆ ಮನೆಯಲ್ಲಿ ಏನನ್ನುತ್ತಾರೋ ಅದನ್ನೇ ತನ್ನ ಕೈಯಾರೆ ಕನ್ನಡ ಲಿಪಿಯಲ್ಲಿ ಬರೆದು ತರಬೇಕು. ಯಾವ ಎಲೆ, ಯಾವ ಹುಳಿ, ಯಾವ ತಿಂಗಳು ಎಂದು ಅಜ್ಜಿಯ ಹತ್ತಿರ ಕೇಳಿ ನಾಲ್ಕು ಸಾಲು. ಬ್ಯಾರಿ ಮನೆಯ ಮಗು ಬ್ಯಾರಿ ಹೆಸರು, ಮಲಯಾಳ ಮನೆಯ ಮಗು ಮಲಯಾಳದ ಹೆಸರು. ಖರ್ಚು ಒಂದು ರಟ್ಟಿನ ತುಂಡು. ಉಳಿದ ಶಾಲೆಯವರೂ ಮಾಡಿ ನೋಡಿ. ಹೆತ್ತವರೇ, ನಾಳೆ ಬುತ್ತಿಗೆ ಪತ್ರೊಡೆ ಹಾಕಿ. ಮುಚ್ಚಳ ತೆಗೆದಿಟ್ಟು ತಿನ್ನುವ ಹಾಗೆ ನಾವು ನೋಡಿಕೊಳ್ಳುತ್ತೇವೆ.