ರಿಪೇರಿಯಾದ ಕಾರು ಹಾದಿಯಲ್ಲೇ ನಿಂತರೆ?
ಜಮಖಂಡಿಯಲ್ಲಿ ಇಂಜಿನ್ ಬಿಚ್ಚಿ ಕಟ್ಟಿಸಿದ ಕಾರು ಮುಧೋಳ ಮುಟ್ಟುವುದರೊಳಗೆ ಹೊಗೆಯುಗುಳಿ ನಿಂತಿತೆನ್ನಿ. ‘ಹಳೇ ಇಂಜಿನ್ ಐತ್ರಿ, ನಾವೇನ್ ಮಾಡೂಣು?’ ಅಂತಾನೆ ಮಿಸ್ತ್ರಿ. ಇರಬಹುದು. ಆದರೆ ಆಯಿಲ್ ನಟ್ ಸಡಿಲ ಬಿಟ್ಟರೆ ಎಣ್ಣೆ ಸೋರಿ ಹೊಸ ಇಂಜಿನ್ನೂ ಸೀಜ್ ಆದೀತು.

ಬೀಳಗಿಯಿರಲಿ, ರಬಕವಿ-ಬನಹಟ್ಟಿಯಿರಲಿ, ಬಾಯಿಮಾತಿನ ರಿಪೇರಿಗೆ ಸಾಕ್ಷಿ ಎಲ್ಲಿ? 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಪ್ರಕಾರ, ದುಡ್ಡು ಪಡೆದು ಕೆಲಸ ಕೆಡಿಸಿದರೆ ಅದು ‘ಸೇವಾ ನ್ಯೂನತೆ’. ಎರಡು ವರ್ಷದೊಳಗೆ ಬಾಗಲಕೋಟೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು; ಕೊಟ್ಟ ಹಣ 5 ಲಕ್ಷ ರೂಪಾಯಿ ಒಳಗಿದ್ದರೆ ಶುಲ್ಕವಿಲ್ಲ. ಹೊಟ್ಟೆಪಾಡಿಗೆ ತನ್ನದೇ ಟ್ಯಾಕ್ಸಿ ಓಡಿಸುವವನೂ ಗ್ರಾಹಕನೇ.

ಆದ್ದರಿಂದ ಬಿಲ್ ಇಸಕೊಳ್ಳಿ, ಬಿಚ್ಚಿದ ಹಳೇ ಸಾಮಾನು ಇಸಕೊಳ್ಳಿ. ಕೆಟ್ಟು ನಿಂತ ಇಂಜಿನ್ನನ್ನು ಬೇರೊಬ್ಬ ಮಿಸ್ತ್ರಿಗೆ ತೋರಿಸಿ, ಕಾರಣ ಬರೆಸಿಕೊಳ್ಳಿ. ನೆಟ್ಟಗೆ ಕೆಲಸ ಮಾಡಿದ ಮಿಸ್ತ್ರಿಯನ್ನು ಕಾಯುವುದೂ ಅದೇ ಬಿಲ್ಲು.